ಹೊಸ ಕಂಪ್ಯೂಟರಿಗೆ ನನ್ನ ರೈಲುಗಳು ಹೊರಟ ಕತೆ

ಟ್ರೈನ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಗೇಮ್, ಆಡುವವರಿಗೆ ಗೇಮ್‌ಗಿಂತ ಅದರೊಳಗೆ ತುಂಬಿಕೊಂಡಿರುವುದೇ ಮುಖ್ಯ. ಗೇಮ್ ಬೇಕೆಂದಾಗ ಮತ್ತೆ ಇನ್‌ಸ್ಟಾಲ್ ಮಾಡಬಹುದು. ಆದರೆ ವರ್ಷಾನುಗಟ್ಟಲೆ ಒಂದೊಂದಾಗಿ ಇಳಿಸಿಕೊಂಡ ರೂಟುಗಳು (ಗೇಮ್‌ನಲ್ಲಿ ರೈಲು ಓಡುವ ದಾರಿಗಳು), ಎಂಜಿನ್‌ಗಳು, ಬೋಗಿಗಳು, ಯಾರೋ ಪುಣ್ಯಾತ್ಮರು ರಾತ್ರಿಯೆಲ್ಲ ಕೂತು ಮಾಡಿ ಪುಕ್ಕಟೆ ಕೊಟ್ಟ ಸಿಗ್ನಲ್ ಕಂಬಗಳು, ನಾವೇ ತಿದ್ದಿ ತೀಡಿದ ಸಣ್ಣಪುಟ್ಟ ಫೈಲುಗಳು, ಇವು ಹೋದರೆ ಹೋದವೇ. ಎಷ್ಟೋ ಫೈಲುಗಳನ್ನು ಇಟ್ಟಿದ್ದ ಸೈಟುಗಳೇ ಈಗ ಇಲ್ಲ. ಹಾಗಾಗಿ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕಟಕಟ ಎನ್ನಲು ಶುರುಮಾಡಿದಾಗ ನನಗೆ ಮೊದಲು ನೆನಪಾದದ್ದು ನನ್ನ ರೈಲುಗಳೇ.

ಮೊದಲು ನನ್ನ ಹತ್ತಿರ ಏನಿದೆ ಅಂತ ಹೇಳಿಬಿಡುತ್ತೇನೆ. ಬುಡದಲ್ಲಿರುವುದು 2001ರ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್. ಅದನ್ನು ತಯಾರಿಸಿದ್ದು ಕುಜು ಎಂಬ ಕಂಪನಿ. ಜೊತೆಗೆ ಆರು ರೂಟು ಬಂದಿದ್ದವು: ಅಮೆರಿಕದ ನಾರ್ತ್‌ಈಸ್ಟ್ ಕಾರಿಡಾರ್ ಮತ್ತು ಮರಾಯಸ್ ಪಾಸ್, ಇಂಗ್ಲೆಂಡಿನ ಸೆಟಲ್–ಕಾರ್ಲೈಲ್, ಆಸ್ಟ್ರಿಯಾದ ಇನ್ಸ್‌ಬ್ರುಕ್–ಸಾಂಕ್ಟ್ ಆಂಟನ್, ಜಪಾನಿನ ಟೋಕಿಯೊ–ಹಕೋನೆ ಮತ್ತು ಹಿಸಾತ್ಸು. ಆಮೇಲೆ ಸೇರಿಕೊಂಡವು ಬೇಕಾದಷ್ಟು. ಈಗ ನಾನು ಇವನ್ನೆಲ್ಲ ಓಡಿಸುವುದು ಓಪನ್ ರೈಲ್ಸ್‌ನಲ್ಲಿ. ಅದು ಹವ್ಯಾಸಿಗಳೇ ಸೇರಿ ಕಟ್ಟಿದ ಉಚಿತ ಪ್ರೋಗ್ರಾಂ, 2015ರಲ್ಲಿ ಅದರ 1.0 ಆವೃತ್ತಿ ಬಂತು. ಹಳೆಯ ಟ್ರೈನ್ ಸಿಮ್ಯುಲೇಟರಿನ ಫೈಲುಗಳನ್ನೇ ಅದು ಓದುತ್ತದೆ. ಅಂದರೆ ಇಪ್ಪತ್ತು ವರ್ಷ ದಾಟಿದ ಫೋಲ್ಡರುಗಳು ಇವತ್ತಿಗೂ ಜೀವಂತ. ಇದರ ಪಕ್ಕದಲ್ಲಿ, ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಬೇರೊಂದು ಗೇಮ್, ಟ್ರೈನ್ ಸಿಮ್ಯುಲೇಟರ್ ಕ್ಲಾಸಿಕ್ ಕೂಡ ಇದೆ. ಅದರ ವಿಷಯ ಆಮೇಲೆ.

ಸಾಗಿಸುವ ಮುಂಚೆ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿ ಯಾವ ಫೈಲೂ ಒಂಟಿಯಾಗಿ ಬದುಕುವುದಿಲ್ಲ. ಒಂದು ಇನ್ನೊಂದನ್ನು ಕೈ ಮಾಡಿ ತೋರಿಸುತ್ತಿರುತ್ತದೆ. ಒಂದು ಕನ್ಸಿಸ್ಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ರೈಲಿನಲ್ಲಿ ಯಾವ ಎಂಜಿನ್, ಅದರ ಹಿಂದೆ ಯಾವ ಬೋಗಿ ಅಂತ ಸಾಲಾಗಿ ಬರೆದಿರುತ್ತದೆ. ಪ್ರತಿ ಸಾಲಿನಲ್ಲೂ ಎರಡೇ ಪದ: ಮೊದಲು ಫೈಲಿನ ಹೆಸರು, ಆಮೇಲೆ ಅದಿರುವ ಫೋಲ್ಡರಿನ ಹೆಸರು. ಆ ಫೋಲ್ಡರ್ ಗೇಮ್‌ನ ಟ್ರೈನ್ಸ್ ಫೋಲ್ಡರಿನ ಒಳಗಿನ ಟ್ರೈನ್‌ಸೆಟ್‌ನಲ್ಲಿ ಅದೇ ಹೆಸರಿನಲ್ಲಿ ಇರಲೇಬೇಕು. ನೀವು ಚೆಂದ ಕಾಣಲಿ ಅಂತ ಫೋಲ್ಡರಿನ ಹೆಸರು ಬದಲಿಸಿದಿರೋ, ಆ ಬೋಗಿ ರೈಲಿನಿಂದ ಮಾಯ.

ಎಂಜಿನ್ ಫೈಲಿನ ಒಳಗೆ ಹೋದರೆ ಸಂಬಂಧಗಳು ಇನ್ನೂ ಜಾಸ್ತಿ. ಕ್ಯಾಬ್ (ಚಾಲಕ ಕೂರುವ ಕೋಣೆಯ ಚಿತ್ರ) ಎಲ್ಲಿದೆ, ಸದ್ದು ಎಲ್ಲಿದೆ ಅಂತ ಅಲ್ಲಿ ಬರೆದಿರುತ್ತದೆ. ಬಹಳ ಜನ ರಚನೆಕಾರರು ಪ್ರತಿ ಎಂಜಿನ್ನಿಗೂ ಬೇರೆ ಕ್ಯಾಬ್ ಕೊಟ್ಟಿರುವುದಿಲ್ಲ. ಕಾಮನ್ ಡಾಟ್ ಕ್ಯಾಬ್ ಎಂಬ ಒಂದು ಫೋಲ್ಡರಿನಲ್ಲಿ ಕ್ಯಾಬ್‌ಗಳನ್ನು ಗುಡ್ಡೆ ಹಾಕಿ, ಎಂಜಿನ್ ಫೈಲಿನಲ್ಲಿ ಎರಡು ಚುಕ್ಕಿ, ಗೆರೆ, ಮತ್ತೆ ಎರಡು ಚುಕ್ಕಿ, ಗೆರೆ ಹಾಕಿ ಅಲ್ಲಿಗೆ ದಾರಿ ತೋರಿಸಿರುತ್ತಾರೆ. ಎರಡು ಮೆಟ್ಟಿಲು ಮೇಲೆ ಹತ್ತಿ, ಪಕ್ಕದ ಫೋಲ್ಡರಿಗೆ ಇಳಿ ಅಂತ ಅದರ ಅರ್ಥ. ಸದ್ದಿಗೂ ಇದೇ ಏರ್ಪಾಡು, ಅಲ್ಲಿ ಕಾಮನ್ ಡಾಟ್ ಎಸ್‌ಎನ್‌ಡಿ. ಇನ್ನು ಕೆಲವರು ಮೂಲ ಗೇಮ್‌ನಲ್ಲೇ ಬಂದ ಡ್ಯಾಶ್ 9 ಎಂಜಿನ್ನಿನ ಸದ್ದನ್ನು ಎರವಲು ಪಡೆದಿರುತ್ತಾರೆ. ನೀವು ಡ್ಯಾಶ್ 9 ಓಡಿಸದೇ ಇರಬಹುದು. ಹಾಗಂತ ಜಾಗ ಉಳಿಸಲು ಅದನ್ನು ಬಿಟ್ಟು ಬಂದರೆ, ಅದರ ಮೇಲೆ ನಿಂತಿದ್ದ ಇನ್ನಷ್ಟು ಎಂಜಿನ್‌ಗಳು ಮೂಕವಾಗುತ್ತವೆ.

ಅದಕ್ಕೇ ನನ್ನ ಅಭಿಪ್ರಾಯ ಖಡಾಖಂಡಿತ: ಸಾಗಿಸುವಾಗ ಸ್ವಚ್ಛತಾ ಕೆಲಸಕ್ಕೆ ಇಳಿಯಬೇಡಿ. ಇದು ಬೇಕು, ಅದು ಬೇಡ ಅಂತ ಆರಿಸುವುದು ಬೇಡ. ಗ್ಲೋಬಲ್, ರೂಟ್ಸ್, ಟ್ರೈನ್ಸ್, ಸೌಂಡ್, ಈ ನಾಲ್ಕು ಫೋಲ್ಡರುಗಳನ್ನೂ ಇದ್ದ ಹಾಗೇ, ಇದ್ದ ಜಾಗದ ಲೆಕ್ಕದಲ್ಲೇ, ಒಂದೇ ತಾಯಿ ಫೋಲ್ಡರಿನ ಕೆಳಗೆ ಒಯ್ಯಿರಿ. ಹೊಸ ಕಂಪ್ಯೂಟರಿನಲ್ಲಿ ಎಲ್ಲ ಓಡಿದ ಮೇಲೆ ಬೇಕಾದರೆ ಗುಡಿಸೋಣ. ಕಾಪಿ ಮಾಡುವಾಗಲೇ ಗುಡಿಸಿದರೆ, ಆಮೇಲೆ ಏನಾದರೂ ಕೆಟ್ಟಾಗ ಅದು ಸಾಗಾಟದಲ್ಲಿ ಕೆಟ್ಟದ್ದೋ ಗುಡಿಸಿದ್ದರಿಂದ ಕೆಟ್ಟದ್ದೋ ಗೊತ್ತೇ ಆಗುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದೇ ಇಲ್ಲ. ಹಳೆಯ ಟ್ರೈನ್ ಸಿಮ್ಯುಲೇಟರ್ ಸುಮ್ನೆ ಇನ್‌ಸ್ಟಾಲ್ ಮಾಡಿದರೆ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಒಳಗೆ ಹೋಗಿ ಕೂರುತ್ತದೆ. ವಿಸ್ಟಾ ಬಂದಾಗಿನಿಂದ ವಿಂಡೋಸ್ ಆ ಫೋಲ್ಡರಿಗೆ ಕಾವಲು ಹಾಕಿದೆ. ಹಳೆಯ ಪ್ರೋಗ್ರಾಂ ಅಲ್ಲಿ ಏನಾದರೂ ಬರೆಯಲು ಹೋದರೆ ವಿಂಡೋಸ್ ಬೇಡ ಅನ್ನುವುದಿಲ್ಲ. ಬರೆದದ್ದನ್ನು ಸದ್ದಿಲ್ಲದೆ ಬೇರೆ ಕಡೆ ಇಡುತ್ತದೆ. ಆ ಜಾಗದ ಹೆಸರು ವರ್ಚುವಲ್‌ಸ್ಟೋರ್. ನಿಮ್ಮ ಯೂಸರ್ ಫೋಲ್ಡರಿನ ಒಳಗೆ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ಇದು. ಆ್ಯಪ್‌ಡೇಟಾ ಮಾಮೂಲಿಯಾಗಿ ಕಣ್ಣಿಗೆ ಕಾಣುವುದೂ ಇಲ್ಲ, ಮರೆಯಲ್ಲಿರುವ ಫೋಲ್ಡರುಗಳನ್ನು ತೋರಿಸು ಅಂತ ಎಕ್ಸ್‌ಪ್ಲೋರರಿಗೆ ಹೇಳಬೇಕು. ನನ್ನ ಹಳೆಯ ಡಿಸ್ಕಿನಲ್ಲಿ ಅದನ್ನು ತೆರೆದಾಗ ಅಲ್ಲೊಂದು ಪುಟ್ಟ ರೂಟ್ಸ್ ಫೋಲ್ಡರ್ ಇತ್ತು. ಮರಾಯಸ್ ಪಾಸ್‌ಗೆ ನಾನು ಎಡಿಟರಿನಲ್ಲಿ ಮಾಡಿದ್ದ ಆಕ್ಟಿವಿಟಿಗಳು, ಅಂದರೆ ಇಂಥ ರೈಲನ್ನು ಇಲ್ಲಿಂದ ಅಲ್ಲಿಗೆ ಓಡಿಸು ಎನ್ನುವ ಆಟದ ಕೆಲಸಗಳು, ಅದರಲ್ಲಿದ್ದವು. 5,213 ಅಡಿ ಎತ್ತರದ ಆ ಕಣಿವೆಗೆ ಹಿಮದಲ್ಲಿ ಉದ್ದನೆಯ ಗೂಡ್ಸ್ ಹತ್ತಿಸುವ ಆಕ್ಟಿವಿಟಿ ಅವುಗಳಲ್ಲಿ ಒಂದು. ಎಲ್ಲಿ ನಿಲ್ಲಬೇಕು, ಎದುರಿನ ಗಾಡಿ ಎಷ್ಟು ಹೊತ್ತಿಗೆ ಬರಬೇಕು ಅಂತೆಲ್ಲ ಲೆಕ್ಕ ಹಾಕಿ ಮಾಡಿದ್ದು. ಪ್ರೋಗ್ರಾಂ ಫೈಲ್ಸ್ ಒಂದನ್ನೇ ಕಾಪಿ ಮಾಡಿದ್ದರೆ ಅದು ಹಳೆಯ ಡಿಸ್ಕಿನ ಜೊತೆಗೇ ಹೋಗುತ್ತಿತ್ತು. ನೀವೂ ದಯವಿಟ್ಟು ಅಲ್ಲಿ ಒಮ್ಮೆ ಇಣುಕಿ ನೋಡಿ. ಏನಾದರೂ ಸಿಕ್ಕರೆ ಅದನ್ನು ಬೇರೆಯಾಗಿ ಎತ್ತಿಟ್ಟುಕೊಂಡು, ಮೊದಲು ಮುಖ್ಯ ಫೋಲ್ಡರ್ ಸಾಗಿಸಿ, ಆಮೇಲೆ ಇದನ್ನು ಅದರ ಮೇಲೆ ಹಾಕಬೇಕು. ಕ್ರಮ ತಿರುಗಮುರುಗ ಆದರೆ ನೀವು ತಿದ್ದಿದ ಫೈಲಿನ ಮೇಲೆ ಹಳೆಯದು ಬಂದು ಕೂರುತ್ತದೆ.

ಈಗ ಕಾಪಿ. ಹತ್ತು ಜಿಬಿಯ ಒಂದು ಸಿನಿಮಾ ಹೋಗುವ ವೇಗಕ್ಕೂ ಹತ್ತು ಜಿಬಿಯ ರೂಟುಗಳು ಹೋಗುವ ವೇಗಕ್ಕೂ ಅಜಗಜಾಂತರ. ಕಾರಣ ರೂಟಿನ ಒಳಗಿರುವ ಚೂರುಗಳು. ಈ ಸಿಮ್ಯುಲೇಟರಿನಲ್ಲಿ ಭೂಮಿಯನ್ನು 2,048 ಮೀಟರಿನ ಚೌಕಗಳಾಗಿ ಕತ್ತರಿಸಿರುತ್ತಾರೆ. ಒಂದೊಂದು ಚೌಕಕ್ಕೂ ಬೇರೆ ಬೇರೆ ಫೈಲು. ನೆಲದ ಏರುಪೇರು ಇರುವ ಫೈಲನ್ನೇ ತೆಗೆದುಕೊಳ್ಳಿ. ಎಂಟು ಮೀಟರಿಗೆ ಒಂದರಂತೆ ಉದ್ದಕ್ಕೆ 256, ಅಗಲಕ್ಕೆ 256 ಬಿಂದುಗಳ ಎತ್ತರ ಅದರಲ್ಲಿದೆ. ಪ್ರತಿ ಬಿಂದುವಿಗೆ ಎರಡು ಬೈಟು. ಹಾಗಾಗಿ ಟೈಲ್ಸ್ ಫೋಲ್ಡರ್ ತೆರೆದರೆ ಸರಿಯಾಗಿ 131,072 ಬೈಟಿನ ಫೈಲುಗಳು ಸಾಲುಗಟ್ಟಿ ನಿಂತಿರುತ್ತವೆ. ಬಯಲಾಗಲಿ ಬೆಟ್ಟವಾಗಲಿ, ಸೈಜು ಒಂದೇ. ನನಗೆ ಆ ಪಟ್ಟಿ ನೋಡುವುದೇ ಒಂದು ಖುಷಿ. ಯಾರೋ ಒಬ್ಬರು ಒಂದಿಡೀ ದಾರಿಯ ನೆಲವನ್ನು ಹೀಗೆ ಎರಡೆರಡು ಕಿಲೋಮೀಟರ್ ಮಾಡಿ ಹಾಸಿದ್ದಾರೆ ಅಲ್ವಾ!

ಇಂಥ ಸಾವಿರಾರು ಚೂರುಗಳನ್ನು ವಿಂಡೋಸ್ ಒಂದೊಂದಾಗಿ ತೆರೆದು, ಬರೆದು, ಮುಚ್ಚಬೇಕು. ನಡುವೆ ಆಂಟಿವೈರಸ್ ಬೇರೆ ಪ್ರತಿಯೊಂದನ್ನೂ ಮೂಸಿ ನೋಡುತ್ತದೆ. ಹಾಗಾಗಿ ನಾನು ಪ್ರತಿ ರೂಟನ್ನೂ ಒಂದು ಜಿಪ್ ಮಾಡಿ ಕಟ್ಟಿದೆ. ಕುಗ್ಗಿಸಲಿಲ್ಲ, ಸುಮ್ನೆ ಕಟ್ಟಿದ್ದು ಅಷ್ಟೇ. ಕುಗ್ಗಿಸಲು ಹೋದರೆ ಅದಕ್ಕೇ ಹೊತ್ತು ಹಿಡಿಯುತ್ತದೆ. ಜಿಪ್ ಮಾಡುವುದರಲ್ಲಿ ಇನ್ನೊಂದು ಲಾಭ ಇದೆ: ಆಚೆ ಬದಿಯಲ್ಲಿ ಜಿಪ್ ಪ್ರೋಗ್ರಾಂನ ಟೆಸ್ಟ್ ಬಟನ್ ಒತ್ತಿದರೆ ದಾರಿಯಲ್ಲಿ ಏನಾದರೂ ಕೆಟ್ಟಿದೆಯೇ ಅಂತ ಗೊತ್ತಾಗುತ್ತದೆ. ಕಟಕಟ ಅನ್ನುವ ಡಿಸ್ಕಿನಿಂದ ಎತ್ತುವಾಗ ಇದು ದೊಡ್ಡ ಸಮಾಧಾನ. ಪೆನ್‌ಡ್ರೈವ್ ಬಳಸುವವರು ಅದರ ಫಾರ್ಮ್ಯಾಟ್ ಫ್ಯಾಟ್32 ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆದರೆ ತೊಂದರೆ ಇಲ್ಲ.

ಹೊಸ ಕಂಪ್ಯೂಟರಿನಲ್ಲಿ ಎಲ್ಲಿ ಇಡಬೇಕು? ಎಲ್ಲಿ ಬೇಕಾದರೂ ಇಡಿ, ಪ್ರೋಗ್ರಾಂ ಫೈಲ್ಸ್ ಒಳಗೆ ಮಾತ್ರ ಬೇಡ. ನಾನು ಡಿ ಡ್ರೈವಿನ ಬುಡದಲ್ಲೇ ಟ್ರೈನ್ಸಿಮ್ ಅಂತ ಒಂದು ಫೋಲ್ಡರ್ ಮಾಡಿದೆ. ಹೆಸರು ಚಿಕ್ಕದಿದ್ದಷ್ಟೂ ಒಳ್ಳೆಯದು. ಹಳೆಯ ಟ್ರೈನ್ ಸಿಮ್ಯುಲೇಟರನ್ನೇ ಓಡಿಸುತ್ತೇನೆ ಅನ್ನುವವರಿಗೆ ಫೋಲ್ಡರ್ ಕಾಪಿ ಮಾಡಿದರೆ ಸಾಲದು. ಅದು ತಾನೆಲ್ಲಿದ್ದೇನೆ ಅಂತ ವಿಂಡೋಸ್‌ನ ಸೆಟ್ಟಿಂಗುಗಳ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ ಹುಡುಕುತ್ತದೆ. ಓಪನ್ ರೈಲ್ಸ್‌ಗೆ ಆ ಹಂಗಿಲ್ಲ. ಮೆನುವಿನಲ್ಲಿ ಆಪ್ಷನ್ಸ್, ಅದರಲ್ಲಿ ಕಂಟೆಂಟ್, ಅಲ್ಲಿ ಫೋಲ್ಡರ್ ತೋರಿಸಿದರೆ ಮುಗಿಯಿತು. ತೋರಿಸಬೇಕಾದ್ದು ರೂಟ್ಸ್ ಫೋಲ್ಡರನ್ನಲ್ಲ, ಅದರ ತಾಯಿ ಫೋಲ್ಡರನ್ನು. ರೂಟುಗಳ ಪಟ್ಟಿ ಖಾಲಿ ಬರುತ್ತಿದೆ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಎರಡು ಬೇರೆ ಬೇರೆ ಸಂಗ್ರಹಗಳನ್ನು ಒಂದು ಮಾಡುವವರಿಗೆ ಒಂದು ಎಚ್ಚರಿಕೆ. ಗ್ಲೋಬಲ್ ಫೋಲ್ಡರಿನಲ್ಲಿ ಟಿಸೆಕ್ಷನ್ ಡಾಟ್ ಡ್ಯಾಟ್ ಅಂತ ಒಂದು ಫೈಲಿದೆ. ಯಾವ ಹಳಿ ಎಷ್ಟು ಉದ್ದ, ಎಷ್ಟು ತಿರುವು, ಯಾವ ಪಾಯಿಂಟ್ ಹೇಗೆ ಕವಲೊಡೆಯುತ್ತದೆ ಅನ್ನುವ ಲೆಕ್ಕ ಎಲ್ಲ ಅದರಲ್ಲಿ. ಹವ್ಯಾಸಿಗಳು ಹೊಸ ಹಳಿಗಳನ್ನು ಸೇರಿಸುತ್ತಾ ಅದಕ್ಕೆ ಬಿಲ್ಡ್ ನಂಬರ್ ಕೊಡುತ್ತಾ ಬಂದಿದ್ದಾರೆ. ಹೊಸ ಬಿಲ್ಡ್ ಇದ್ದರೆ ಹಳೆಯ ರೂಟೂ ಓಡುತ್ತದೆ. ಹಳೆಯ ಬಿಲ್ಡ್ ಇದ್ದರೆ ಹೊಸ ರೂಟು ಓಡುವುದಿಲ್ಲ. ಆದ್ದರಿಂದ ಎರಡು ಗ್ಲೋಬಲ್ ಫೋಲ್ಡರುಗಳು ಡಿಕ್ಕಿಯಾದಾಗ ತಾರೀಖು ನೋಡಿ ಹೌದು ಒತ್ತಬೇಡಿ. ಫೈಲು ತೆರೆದು ಮೇಲಿನ ಸಾಲುಗಳಲ್ಲಿ ಬಿಲ್ಡ್ ನಂಬರ್ ನೋಡಿ, ದೊಡ್ಡದನ್ನು ಉಳಿಸಿಕೊಳ್ಳಿ. ನಿಜ ಹೇಳಬೇಕೆಂದರೆ ಒಂದು ಮಾಡುವ ಗೋಜಿಗೇ ಹೋಗದಿರುವುದು ವಾಸಿ. ಓಪನ್ ರೈಲ್ಸ್ ಎಷ್ಟು ಬೇಕಾದರೂ ಕಂಟೆಂಟ್ ಫೋಲ್ಡರುಗಳನ್ನು ಇಟ್ಟುಕೊಳ್ಳುತ್ತದೆ. ನನ್ನ ಜಪಾನಿನ ರೂಟುಗಳು ಒಂದು ಕಡೆ, ಅಮೆರಿಕದವು ಇನ್ನೊಂದು ಕಡೆ ಮೊದಲಿನಿಂದಲೂ ಹಾಯಾಗಿವೆ.

ಎಲ್ಲ ಬಂದಿದೆಯೇ ಅಂತ ಪರೀಕ್ಷಿಸುವುದು ಹೇಗೆ? ಈ ಭಾಗವೇ ನನಗೆ ಅತ್ಯಂತ ಮುಖ್ಯ ಅನಿಸುವುದು. ಓಪನ್ ರೈಲ್ಸ್ ಪ್ರತಿ ಸಲ ಓಡಿದಾಗಲೂ ಡೆಸ್ಕ್‌ಟಾಪ್ ಮೇಲೆ ಒಂದು ಲಾಗ್ ಫೈಲ್ ಬರೆದಿಡುತ್ತದೆ. ಸಿಗದ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ), ಸಿಗದ ಸದ್ದು, ಸಿಗದ ಬೋಗಿ, ಎಲ್ಲ ಅದರಲ್ಲಿ ಎಚ್ಚರಿಕೆಯಾಗಿ ದಾಖಲಾಗುತ್ತದೆ. ಹಳೆಯ ಟ್ರೈನ್ ಸಿಮ್ಯುಲೇಟರಿನ ಹಾಗೆ ಒಂದು ಬೋಗಿ ಸಿಗದಿದ್ದರೆ ಮುನಿಸಿಕೊಂಡು ಕೂರುವುದಿಲ್ಲ, ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಇದು ಒಳ್ಳೆಯ ಗುಣವೇ, ಆದರೆ ಹತ್ತು ಬೋಗಿಯ ರೈಲಿನಲ್ಲಿ ಒಂಬತ್ತೇ ಇರುವುದು ನಿಮ್ಮ ಕಣ್ಣಿಗೆ ಬೀಳದೇ ಹೋಗಬಹುದು. ಲಾಗ್‌ಗೆ ಮಾತ್ರ ಗೊತ್ತಿರುತ್ತದೆ.

ತೊಡಕು ಏನೆಂದರೆ, ಪುಕ್ಕಟೆ ಸಿಕ್ಕ ರೂಟುಗಳಲ್ಲಿ ಎಚ್ಚರಿಕೆಗಳು ಮೊದಲಿನಿಂದಲೂ ಇರುತ್ತವೆ. ಹೊಸ ಕಂಪ್ಯೂಟರಿನ ಲಾಗ್ ಒಂದನ್ನೇ ಓದಿದರೆ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿರುವಾಗಲೇ ಪ್ರತಿ ರೂಟಿನಲ್ಲೂ ಒಂದೊಂದು ಆಕ್ಟಿವಿಟಿ ಓಡಿಸಿ, ಲಾಗನ್ನು ರೂಟಿನ ಹೆಸರಿನಲ್ಲಿ ಎತ್ತಿಟ್ಟುಕೊಳ್ಳಿ. ಹೊಸದರಲ್ಲಿ ಅದೇ ಆವೃತ್ತಿಯ ಓಪನ್ ರೈಲ್ಸ್ ಹಾಕಿ ಅದೇ ಆಕ್ಟಿವಿಟಿ ಓಡಿಸಿ. ಎರಡೂ ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಇರುವ ಎಚ್ಚರಿಕೆ ಹಳೆಯ ಕಾಯಿಲೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೊಸದರಲ್ಲಿ ಮಾತ್ರ ಇರುವುದು ಸಾಗಾಟದಲ್ಲಿ ಬಿಟ್ಟುಹೋದದ್ದು. ಸೆಟಲ್–ಕಾರ್ಲೈಲ್‌ನಲ್ಲಿ ನನ್ನ ಎರಡು ಲಾಗ್‌ಗಳು ಸಾಲು ಸಾಲೂ ಹೊಂದಿಕೊಂಡವು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಉಗಿ ಎಂಜಿನ್ ಹಿಡಿದುಕೊಂಡು ರಿಬಲ್‌ಹೆಡ್‌ನ 24 ಕಮಾನಿನ ಸೇತುವೆ ದಾಟಿದಾಗ ಆದ ನೆಮ್ಮದಿ ಅಷ್ಟಿಷ್ಟಲ್ಲ.

ಬೇಸಿಗೆಯ ಹಗಲಿನಲ್ಲಿ ಒಮ್ಮೆ ಓಡಿಸಿ ಎಲ್ಲ ಸರಿ ಅಂದುಕೊಳ್ಳಬೇಡಿ. ಟೆಕ್ಸ್ಚರ್ಸ್ ಒಳಗೆ ಹಿಮಕ್ಕೆ, ರಾತ್ರಿಗೆ, ಶರತ್ಕಾಲಕ್ಕೆ ಬೇರೆ ಬೇರೆ ಫೋಲ್ಡರುಗಳಿವೆ. ಕ್ಯಾಬ್‌ಗೂ ಕತ್ತಲೆಗೆ ಬೇರೆ ಚಿತ್ರ, ದೀಪ ಹಾಕಿದಾಗ ಬೇರೆ ಚಿತ್ರ. ಒಂದು ಸಲ ಹಿಮದಲ್ಲಿ, ಒಂದು ಸಲ ರಾತ್ರಿ ಓಡಿಸಿದರೇ ಅವು ಬಂದಿವೆಯೋ ಇಲ್ಲವೋ ಗೊತ್ತಾಗುವುದು.

ಕನ್ಸಿಸ್ಟ್‌ಗಳನ್ನು ಕೈಯಲ್ಲೇ ತಿದ್ದುವವರಿಗೆ ಇನ್ನೊಂದು ಸಣ್ಣ ವಿಷಯ. ಈ ಫೈಲುಗಳೆಲ್ಲ ಯುಟಿಎಫ್-16 ಎಲ್‌ಇ ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಉಳಿಸುವ ರೀತಿಯಲ್ಲಿ) ಇರುತ್ತವೆ. ಈಗಿನ ವಿಂಡೋಸ್‌ನ ನೋಟ್‌ಪ್ಯಾಡ್ ಹೊಸ ಫೈಲನ್ನು ಯುಟಿಎಫ್-8ರಲ್ಲಿ ಉಳಿಸುತ್ತದೆ, 2019ರಿಂದ ಹಾಗೆ. ಇದ್ದ ಫೈಲನ್ನು ತೆರೆದು ತಿದ್ದಿ ಉಳಿಸಿದರೆ ಪರವಾಗಿಲ್ಲ, ಎನ್‌ಕೋಡಿಂಗ್ ಹಾಗೇ ಇರುತ್ತದೆ. ಹೊಸದಾಗಿ ಬರೆಯುವಾಗ ಮಾತ್ರ ಸೇವ್ ಆ್ಯಸ್ ಒತ್ತಿ ಯುಟಿಎಫ್-16 ಎಲ್‌ಇ ಆರಿಸಿಕೊಳ್ಳಿ. ಇಲ್ಲದಿದ್ದರೆ ಹಳೆಯ ಟ್ರೈನ್ ಸಿಮ್ಯುಲೇಟರ್ ಅದನ್ನು ಓದುವುದಿಲ್ಲ.

ಈಗ ಸ್ಟೀಮ್‌ನ ಟ್ರೈನ್ ಸಿಮ್ಯುಲೇಟರ್ ಕ್ಲಾಸಿಕ್. ಇದು ಸುಲಭ, ಆದರೆ ಅರ್ಧ ಮಾತ್ರ. ಕೊಂಡ ರೂಟುಗಳೆಲ್ಲ ನಿಮ್ಮ ಖಾತೆಯಲ್ಲಿ ಭದ್ರವಾಗಿರುತ್ತವೆ. ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್‌ನಲ್ಲಿ ರೈಲ್‌ವರ್ಕ್ಸ್ ಅಂತ ಫೋಲ್ಡರಿದೆ. ಹೊಸ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಒತ್ತುವ ಮುಂಚೆಯೇ ಅದನ್ನು ಅದೇ ಜಾಗಕ್ಕೆ ಹಾಕಿಟ್ಟರೆ, ಸ್ಟೀಮ್ ಇರುವ ಫೈಲುಗಳನ್ನು ಗುರುತಿಸಿ ಉಳಿದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ನೂರಾರು ಜಿಬಿ ಇಂಟರ್‌ನೆಟ್ ಉಳಿಯಿತು. ಸ್ಟೀಮ್‌ಗೆ ಗೊತ್ತಿಲ್ಲದ್ದು ನೀವು ಬೇರೆ ಕಡೆಯಿಂದ ತಂದು ಹಾಕಿದ ಸಾಮಾನು. ಅದು ಅಸೆಟ್ಸ್ ಒಳಗೆ ಕೊಟ್ಟವರ ಹೆಸರಿನ ಫೋಲ್ಡರುಗಳಲ್ಲಿ ಹರಡಿಕೊಂಡಿರುತ್ತದೆ. ಅದಕ್ಕೆ ಇಡೀ ರೈಲ್‌ವರ್ಕ್ಸ್ ಒಯ್ಯುವುದೇ ಸರಿ. ಇನ್ನು ಕಂಟೆಂಟ್ ಒಳಗಿನ ರೂಟ್ಸ್ ತೆರೆದರೆ ಒಂದಕ್ಕೂ ಹೆಸರಿಲ್ಲ, ಅಂಕಿ ಅಕ್ಷರ ಬೆರೆಸಿದ ಉದ್ದುದ್ದ ಗುರುತುಗಳು. ಅದರೊಳಗೆ ಸಿನಾರಿಯೋಸ್ (ಇಲ್ಲಿಯ ಆಕ್ಟಿವಿಟಿಗಳು), ಮತ್ತೆ ಅಂಥದ್ದೇ ಗುರುತುಗಳು. ನೀವೇ ಮಾಡಿದ ಸಿನಾರಿಯೋ ಎಲ್ಲಿದೆ ಅಂತ ಹುಡುಕುವಾಗ ಒಳಗಿನ ಸಿನಾರಿಯೋ ಪ್ರಾಪರ್ಟೀಸ್ ಫೈಲು ತೆರೆದರೆ ಹೆಸರು ಕಾಣುತ್ತದೆ. ಮೂಲ ಗೇಮ್‌ನ ಫೈಲುಗಳನ್ನೇ ತಿದ್ದಿರುವವರು ಸ್ಟೀಮ್‌ನಲ್ಲಿ ಫೈಲುಗಳನ್ನು ಪರೀಕ್ಷಿಸುವ ವೆರಿಫೈ ಒತ್ತುವ ಮುಂಚೆ ಅವುಗಳ ಪ್ರತಿ ತೆಗೆದಿಡಿ. ಸ್ಟೀಮ್ ಅವನ್ನು ಕೆಟ್ಟ ಫೈಲು ಅಂದುಕೊಂಡು ಮೂಲದ್ದನ್ನು ತಂದು ಹಾಕುತ್ತದೆ.

ಇಳಿಸಿಕೊಂಡ ಮೂಲ ಜಿಪ್‌ಗಳನ್ನೂ ಬಿಡಬೇಡಿ. ಹೇಗೂ ಬಿಚ್ಚಿ ಹಾಕಿಯಾಗಿದೆ, ಇನ್ನೇಕೆ ಅನಿಸಬಹುದು. ಆದರೆ ಪ್ರತಿ ಜಿಪ್‌ನಲ್ಲೂ ಒಂದು ರೀಡ್‌ಮಿ ಇದೆ. ಮಾಡಿದವರು ಯಾರು, ಬಣ್ಣ ಯಾರದ್ದು, ಸದ್ದು ಯಾರದ್ದು, ಇದಕ್ಕೆ ಇನ್ನೇನೇನು ಬೇಕು ಅಂತ ಅದರಲ್ಲಿ ಬರೆದಿರುತ್ತಾರೆ. ಬೇರೆಯವರಿಗೆ ಹಂಚಬಹುದೇ ಇಲ್ಲವೇ ಅನ್ನುವುದೂ ಅಲ್ಲೇ. ಕೆಲವರು ಈಗ ಈ ಹವ್ಯಾಸದಲ್ಲೇ ಇಲ್ಲ. ಅವರ ಕೆಲಸಕ್ಕೆ ಉಳಿದಿರುವ ಏಕೈಕ ಗುರುತು ಆ ಚಿಕ್ಕ ಟೆಕ್ಸ್ಟ್ ಫೈಲು. ನಾನು ಅವನ್ನೆಲ್ಲ ಬೇರೆ ಫೋಲ್ಡರಿನಲ್ಲಿ, ಎಂಜಿನ್, ಬೋಗಿ, ರೂಟು ಅಂತ ವಿಂಗಡಿಸಿ ಇಟ್ಟಿದ್ದೇನೆ. ವಿಂಗಡಣೆಗೆ ನಾನು ಒಪ್ಪುವ ಜಾಗ ಇದೊಂದೇ, ಯಾಕೆಂದರೆ ಈ ಜಿಪ್‌ಗಳು ಒಂದನ್ನೊಂದು ಹುಡುಕಿಕೊಂಡು ಹೋಗುವುದಿಲ್ಲ.

ಇನ್ನು ಅರ್ಧಕ್ಕೆ ನಿಲ್ಲಿಸಿ ಎಫ್2 ಒತ್ತಿ ಉಳಿಸಿದ ಆಟಗಳು. ಓಪನ್ ರೈಲ್ಸ್ ಅವನ್ನು ಆ್ಯಪ್‌ಡೇಟಾದ ರೋಮಿಂಗ್ ಒಳಗೆ ಇಡುತ್ತದೆ. ಒಂದು ಆವೃತ್ತಿಯಲ್ಲಿ ಉಳಿಸಿದ್ದು ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ ಅನ್ನುವ ಭರವಸೆ ಇಲ್ಲ. ಅರ್ಧ ದಾರಿಯಲ್ಲಿರುವ ರೈಲುಗಳನ್ನು ಹಳೆಯ ಕಂಪ್ಯೂಟರಿನಲ್ಲೇ ಕೊನೆಯ ಸ್ಟೇಷನ್ನಿಗೆ ಮುಟ್ಟಿಸಿಬಿಡುವುದು ಒಳ್ಳೆಯದು. ಹಳೆಯ ಡಿಸ್ಕನ್ನು ನಾನಿನ್ನೂ ಅಳಿಸಿಲ್ಲ. ಹಿಸಾತ್ಸು ಮತ್ತು ಇನ್ಸ್‌ಬ್ರುಕ್ ರೂಟುಗಳ ಲಾಗ್ ಹೋಲಿಸುವುದು ಬಾಕಿ ಇದೆ. ಅದಾಗುವವರೆಗೆ ಡಿಸ್ಕ್ ಹಾಗೇ ಇರಲಿ.